ಕ್ಷೌರಕ್ಕೆ ಪಾಸ್‌ಪೋರ್ಟ್ ಇಲ್ಲ

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಸುತ್ತ ಗಿರಕಿ ಹೊಡೆಯುತ್ತಿವೆ: ಆ ದೇಶದಲ್ಲಿ ಸಂಬಳ ಎಷ್ಟು, ಈ ದೇಶದಲ್ಲಿ ಎಷ್ಟು, ಯಾರು ಹೆಚ್ಚು ಚೆನ್ನಾಗಿದ್ದಾರೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಇವನ್ನಷ್ಟೇ ತೆಗೆದುಕೊಂಡಿದ್ದೇನೆ. ಹೊಸದಾಗಿ ಓದುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ, ನಾನು ಅರ್ಥಶಾಸ್ತ್ರದ ಪಂಡಿತನಲ್ಲ. ಅಂಕಿಅಂಶದ ಕಚೇರಿಯೊಂದರಲ್ಲಿ, ಅಂಗಡಿ ಅಂಗಡಿ ತಿರುಗಿ ಬೆಲೆ ಬರೆದುಕೊಳ್ಳುವ ಕೆಲಸ ಮಾಡಿ ನಿವೃತ್ತನಾದವನು. ಅಂಕಿ ಎಲ್ಲಿ ಹುಟ್ಟುತ್ತದೆ ಎಂದು ಕಂಡವನಿಗೆ ಅದರ ಮೇಲೆ ಭಕ್ತಿ ಸ್ವಲ್ಪ ಕಡಿಮೆ, ಮಮತೆ ಸ್ವಲ್ಪ ಜಾಸ್ತಿ.

ಪ್ರಶ್ನೆ: ಮಗಳಿಗೆ ಅಮೆರಿಕದಲ್ಲಿ ವರ್ಷಕ್ಕೆ 80 ಸಾವಿರ ಡಾಲರ್ ಸಂಬಳದ ಕೆಲಸ ಸಿಕ್ಕಿದೆ. ನನ್ನ ತಮ್ಮ ಅದನ್ನು ಆ ದಿನದ ವಿನಿಮಯ ದರದಿಂದ ಗುಣಿಸಿ ಬಹಳ ದೊಡ್ಡ ಮೊತ್ತ ಹೇಳಿದ. ಅಲ್ಲೇ ಇರುವ ಮಗಳ ಗೆಳತಿ ಫೋನ್ ಮಾಡಿ, ‘ಅಷ್ಟರಲ್ಲಿ ಹೇಗೋ ನಡೆಯುತ್ತೆ ಆಂಟಿ, ಆರಾಮಾಗೇನೂ ಇರಲ್ಲ’ ಅಂದಳು. ಯಾರ ಮಾತು ನಂಬಲಿ? (ಒಬ್ಬ ತಾಯಿ)

ಉತ್ತರ: ಇಬ್ಬರೂ ಸುಳ್ಳು ಹೇಳಿಲ್ಲ ಅಮ್ಮಾ. ತಮ್ಮ ಹೇಳಿದ್ದು ಬ್ಯಾಂಕಿನ ಲೆಕ್ಕ, ಗೆಳತಿ ಹೇಳಿದ್ದು ಸಂಸಾರದ ಲೆಕ್ಕ.

ವಿನಿಮಯ ದರ ನಿಗದಿಯಾಗುವುದು ಗಡಿ ದಾಟುವ ವಸ್ತುಗಳಿಂದ, ಬಂಡವಾಳದಿಂದ, ಬಡ್ಡಿಯಿಂದ, ನಾಳೆ ಏನಾದೀತು ಎಂಬ ಊಹೆಯಿಂದ. ಕಚ್ಚಾತೈಲ, ಉಕ್ಕು, ಮೊಬೈಲ್ ಫೋನು ಹಡಗು ಹತ್ತುತ್ತವೆ. ಕ್ಷೌರ ಹತ್ತುವುದಿಲ್ಲ. ತಲೆ ಇದ್ದಲ್ಲಿಗೇ ಕತ್ತರಿ ಬರಬೇಕು. ಮನೆ ಬಾಡಿಗೆ, ನಲ್ಲಿ ರಿಪೇರಿ, ಮಗು ನೋಡಿಕೊಳ್ಳುವವರ ಸಂಬಳ, ಹಲ್ಲು ಕೀಳಿಸುವ ಖರ್ಚು ಎಲ್ಲವೂ ಇದೇ ಜಾತಿ. ತಿಂಗಳ ಖರ್ಚಿನಲ್ಲಿ ದೊಡ್ಡ ಪಾಲು ಇಂಥವುಗಳದ್ದೇ, ಆದರೆ ವಿನಿಮಯ ದರಕ್ಕೆ ಇವುಗಳ ಬೆಲೆಯ ಸುಳಿವೇ ಇರುವುದಿಲ್ಲ.

ಶ್ರೀಮಂತ ದೇಶದಲ್ಲಿ ಕ್ಷೌರ ಯಾಕೆ ಅಷ್ಟು ದುಬಾರಿ? ಅಲ್ಲಿಯ ಕ್ಷೌರಿಕನ ಕೈ ಬೇರೆಯವರದಕ್ಕಿಂತ ಚುರುಕೇನಲ್ಲ. ಒಂದು ತಲೆಗೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ. ಆದರೆ ಪಕ್ಕದ ಕಾರ್ಖಾನೆಯಲ್ಲಿ ಯಂತ್ರ, ವಿದ್ಯುತ್ತು, ತಂತ್ರಜ್ಞಾನದ ಬಲದಿಂದ ಒಬ್ಬನೇ ಹತ್ತಾಳಿನ ಕೆಲಸ ತೆಗೆಯುತ್ತಾನೆ, ಅವನಿಗೆ ಅದಕ್ಕೆ ತಕ್ಕ ಸಂಬಳ. ಕ್ಷೌರಿಕ ಕತ್ತರಿ ಕೆಳಗಿಟ್ಟು ಆ ಕಾರ್ಖಾನೆಗೆ ಹೋಗದಿರಬೇಕಾದರೆ ಅವನಿಗೂ ಅದರ ಹತ್ತಿರ ಹತ್ತಿರ ಕೊಡಲೇಬೇಕು. ಬೇಲಾ ಬಲಾಸಾ, ಪಾಲ್ ಸ್ಯಾಮ್ಯುಯೆಲ್ಸನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1964ರಲ್ಲಿ ಬೇರೆ ಬೇರೆಯಾಗಿ ಬರೆದು ತೋರಿಸಿದ್ದು ಇದನ್ನೇ. ಬಡ ದೇಶದಲ್ಲಿ ಸೇವೆಗಳು ಅಗ್ಗವಾಗಿರುವುದು ಅಲ್ಲಿಯ ಜನರ ಔದಾರ್ಯದಿಂದಲ್ಲ, ಅವರಿಗೆ ಬೇರೆ ದಾರಿಯಿಲ್ಲದ್ದರಿಂದ.

ಈ ಎಡವಟ್ಟನ್ನು ಸರಿಪಡಿಸಲು ಹುಟ್ಟಿದ್ದು ಕೊಳ್ಳುವ ಶಕ್ತಿಯ ಲೆಕ್ಕ, ಪತ್ರಿಕೆಗಳಲ್ಲಿ ಪಿಪಿಪಿ ಎಂದು ಬರೆಯುತ್ತಾರಲ್ಲ, ಅದು. ಒಂದು ಬುಟ್ಟಿ ಸಾಮಾನಿಗೆ ಅಮೆರಿಕದಲ್ಲಿ ಒಂದು ಡಾಲರ್ ಆದರೆ ಅದೇ ಬುಟ್ಟಿಗೆ ಇನ್ನೊಂದು ದೇಶದಲ್ಲಿ ಅಲ್ಲಿಯ ಹಣ ಎಷ್ಟು ಬೇಕು ಎಂದು ಕೇಳುತ್ತದೆ. ಇದಕ್ಕಾಗಿ ದೇಶ ದೇಶಗಳ ಬೆಲೆಗಳನ್ನು ಸುತ್ತು ಸುತ್ತಾಗಿ ಬರೆದುಕೊಂಡು ಹೋಲಿಸುವ ಕೆಲಸವನ್ನು 1968ರಲ್ಲಿ ವಿಶ್ವಸಂಸ್ಥೆ ಮತ್ತು ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯ ಸೇರಿ ಶುರುಮಾಡಿದವು. ಮೊದಲ ಸುತ್ತಿನಲ್ಲಿ, 1970ರ ಬೆಲೆಗಳಿಗೆ, ಇದ್ದದ್ದು ಹತ್ತೇ ದೇಶ. 2021ರ ಸುತ್ತಿನಲ್ಲಿ 176. ಭಾರತದ 2017ರ ಅಂಕಿ ನನಗೆ ಬಾಯಿಪಾಠ: ಮಾರುಕಟ್ಟೆಯಲ್ಲಿ ಡಾಲರಿಗೆ 65.12 ರೂಪಾಯಿ, ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ 20.65. ಎಂದರೆ ಅಲ್ಲಿ ಒಂದು ಡಾಲರಿಗೆ ಬರುವಷ್ಟು ಇಲ್ಲಿ 20 ರೂಪಾಯಿ ಚಿಲ್ಲರೆಗೆ ಬರುತ್ತಿತ್ತು. ಆ ವರ್ಷ 65ರಿಂದ ಗುಣಿಸಿದವರೆಲ್ಲ ಮೂರು ಪಟ್ಟು ಹಿಗ್ಗಿದರು.

‘ಅದೇ ಬುಟ್ಟಿ’ ಎಂದು ಹೇಳಿಬಿಟ್ಟೆ, ಹೇಳುವುದು ಸುಲಭ. ನಮ್ಮ ಕೈಗೆ ಕೊಡುತ್ತಿದ್ದ ಹಾಳೆಯಲ್ಲಿ ಒಂದು ಅಂಗಿಗೇ ಅರ್ಧ ಪುಟ ವಿವರ: ಗಂಡಸರದು, ಉದ್ದ ತೋಳು, ಶೇ 100 ಹತ್ತಿ, ಒಂದೇ ಬಣ್ಣ, ಎದೆಗೆ ಒಂದು ಜೇಬು, ಹೆಸರುವಾಸಿ ಬ್ರ್ಯಾಂಡ್ ಆಗಿರಕೂಡದು, ರಿಯಾಯಿತಿ ಮಾರಾಟದ್ದು ಆಗಿರಕೂಡದು. ಒಮ್ಮೆ ಬಾಗಿಲು ಹಾಕುವ ಹೊತ್ತಿನ ಆತುರದಲ್ಲಿ ಕಾಲರಿನ ಒಳಗಿನ ಚೀಟಿ ಓದದೆ ಪಾಲಿಯೆಸ್ಟರ್ ಬೆರಕೆಯ ಅಂಗಿಯ ಬೆಲೆ ಬರೆದುಬಿಟ್ಟೆ. ಎರಡು ವಾರದ ಮೇಲೆ ಹಾಳೆ ಕೆಂಪು ಶಾಯಿಯ ಸುತ್ತು ಹಾಕಿಸಿಕೊಂಡು ವಾಪಸು ಬಂತು. ಮೇಲಿನವರು ಬೈಯಲಿಲ್ಲ, ‘ಮತ್ತೆ ಹೋಗಿ, ಈ ಸಲ ಕಾಲರ್ ತಿರುಗಿಸಿ ನೋಡಿ’ ಅಂದರು, ಅಷ್ಟೆ. ಬೆರಕೆ ಅಂಗಿ ಅಗ್ಗ. ಅಂಥ ನೂರು ಅಂಗಿ ಲೆಕ್ಕದೊಳಗೆ ನುಸುಳಿದರೆ ದೇಶದಲ್ಲಿ ಉಡುಪು ಅಗ್ಗ ಎಂದಾಗುತ್ತದೆ, ಅಗ್ಗ ಎಂದಾದರೆ ಜನ ಇರುವುದಕ್ಕಿಂತ ಶ್ರೀಮಂತರು ಎಂದಾಗುತ್ತದೆ. ಬೆಲೆ ತಪ್ಪಿದರೆ ಆದಾಯವೂ ತಪ್ಪುತ್ತದೆ.

ಅಂಗಿಯಾದರೂ ಎಲ್ಲ ಕಡೆ ಸಿಗುತ್ತದೆ. ಇಥಿಯೋಪಿಯದವರ ನಿತ್ಯದ ಧಾನ್ಯ ಟೆಫ್. ಅದನ್ನು ಪಟ್ಟಿಗೆ ಸೇರಿಸಿದರೆ ಬೇರೆ ದೇಶದ ಬೆಲೆ ಬರೆಯುವವನು ಅದನ್ನು ಹುಡುಕಿ ಸುಸ್ತಾಗುತ್ತಾನೆ, ಬಿಟ್ಟರೆ ಇಥಿಯೋಪಿಯದವರು ಏನು ತಿನ್ನುತ್ತಾರೆ ಎಂಬುದೇ ಬಿಟ್ಟುಹೋಗುತ್ತದೆ. ಇಂಥ ಕಾರಣಗಳಿಂದ ಒಂದೊಂದು ಸುತ್ತು ಮುಗಿದಾಗಲೂ ಲೆಕ್ಕ ಅಲುಗಾಡುತ್ತದೆ. 2005ರ ಸುತ್ತಿನ ಫಲಿತಾಂಶ 2007ರ ಡಿಸೆಂಬರಿನಲ್ಲಿ ಬಂದಾಗ ಚೀನಾ, ಭಾರತ ಎರಡರ ಆರ್ಥಿಕತೆಯ ಗಾತ್ರವೂ ಹಿಂದಿನ ಅಂದಾಜಿಗಿಂತ ಸುಮಾರು ಶೇ 40ರಷ್ಟು ಚಿಕ್ಕದು ಎಂದಾಯಿತು. ಆ ರಾತ್ರಿ ಯಾರ ಮನೆಯ ಪಾತ್ರೆಯೂ ಖಾಲಿಯಾಗಲಿಲ್ಲ. ಚೀನಾ ಮೊದಲ ಸಲ ತನ್ನ ಬೆಲೆಗಳನ್ನು ಬರೆಸಿಕೊಟ್ಟಿತ್ತು, ಅದೂ 11 ನಗರಗಳಿಂದ. ಅದಕ್ಕೂ ಮೊದಲು ಹಳೆಯ ಅಂದಾಜನ್ನೇ ಎಳೆದುಕೊಂಡು ಬಂದಿದ್ದರು.

ಈಗ ನಿಮ್ಮ ಮಗಳ ಸಂಬಳಕ್ಕೆ ಬರುತ್ತೇನೆ. ಅದನ್ನು ಎರಡು ರಾಶಿ ಮಾಡಿ. ತೆರಿಗೆ, ವಿಮೆ ಕಳೆದು 60 ಸಾವಿರ ಕೈಗೆ ಬಂತು, ಅದರಲ್ಲಿ 50 ಸಾವಿರ ಅಲ್ಲೇ ಬಾಡಿಗೆ, ಊಟ, ಓಡಾಟಕ್ಕೆ ಹೋಯಿತು, 10 ಸಾವಿರ ಉಳಿಯಿತು ಎಂದಿಟ್ಟುಕೊಳ್ಳಿ. ಅಲ್ಲೇ ಕರಗುವ 50 ಸಾವಿರಕ್ಕೆ ಕೊಳ್ಳುವ ಶಕ್ತಿಯ ಲೆಕ್ಕ ಹಾಕಿ. ಗೆಳತಿಯ ಮಾತು ನಿಜವಾಗುತ್ತದೆ. ಊರಿಗೆ ಕಳಿಸುವ ಹತ್ತು ಸಾವಿರಕ್ಕೆ ಬ್ಯಾಂಕು ಕೊಡುವುದು ಪೂರ್ತಿ ವಿನಿಮಯ ದರವನ್ನೇ. ಅಲ್ಲಿ ನಿಮ್ಮ ತಮ್ಮನ ಮಾತು ನಿಜ. ಅದಕ್ಕೇ ನಾಲ್ಕು ವರ್ಷ ದುಡಿದು ಮರಳುವವರ ಲೆಕ್ಕವೇ ಬೇರೆ, ಅಲ್ಲೇ ಬೇರೂರುವವರ ಲೆಕ್ಕವೇ ಬೇರೆ. ಯಾವ ರಾಜ್ಯ ಎಂದೂ ಕೇಳಿಕೊಳ್ಳಿ. ಪಿಪಿಪಿ ಇಡೀ ದೇಶದ ಸರಾಸರಿ. ಅಮೆರಿಕದೊಳಗೇ ಬೆಲೆಮಟ್ಟ ರಾಜ್ಯದಿಂದ ರಾಜ್ಯಕ್ಕೆ ಎಷ್ಟು ಬೇರೆ ಎಂದು ಅಲ್ಲಿಯ ಸರ್ಕಾರವೇ ಲೆಕ್ಕ ಹಾಕಿ ಪ್ರಕಟಿಸುತ್ತದೆ. ಕ್ಯಾಲಿಫೋರ್ನಿಯ ಅದರ ಮೇಲ್ತುದಿಯಲ್ಲಿದ್ದರೆ ಮಿಸಿಸಿಪ್ಪಿ, ಅರ್ಕನ್ಸಾ ಕೆಳತುದಿಯಲ್ಲಿವೆ. ಹೆಚ್ಚು ವ್ಯತ್ಯಾಸ ಬಾಡಿಗೆಯದ್ದು. ಆಫರ್ ಲೆಟರಿನಲ್ಲಿ ಸಂಬಳ ನೋಡಿದ್ದೀರಿ, ಊರಿನ ಹೆಸರನ್ನೂ ನೋಡಿ.

ಪ್ರಶ್ನೆ: ಬರ್ಗರ್ ಬೆಲೆಯಿಂದ ದೇಶಗಳನ್ನು ಅಳೆಯುತ್ತಾರಂತೆ. ತಮಾಷೆಯೋ ನಿಜವೋ? (ಕಾಲೇಜು ವಿದ್ಯಾರ್ಥಿ)

ಉತ್ತರ: ತಮಾಷೆಯಾಗಿ ಶುರುವಾಗಿ ನಿಜವಾದದ್ದು. ‘ದಿ ಇಕನಾಮಿಸ್ಟ್’ ಪತ್ರಿಕೆ 1986ರಲ್ಲಿ ಬಿಗ್ ಮ್ಯಾಕ್ ಸೂಚ್ಯಂಕ ಶುರುಮಾಡಿತು, ಬಿಗ್ ಮ್ಯಾಕ್ ಎಂದರೆ ಮೆಕ್‌ಡೊನಾಲ್ಡ್ಸ್ ಅಂಗಡಿಗಳಲ್ಲಿ ಸಿಗುವ ಬರ್ಗರ್. ಅದು ಹೇಳುವುದು ಒಂದು ದೇಶದ ಹಣ ಅತಿಯಾಗಿ ಏರಿದೆಯೋ ಇಳಿದಿದೆಯೋ ಎಂದು. ಜನರ ಸಿರಿತನಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಅಲ್ಲದೆ ಬರ್ಗರ್ ಒಳಗೂ ಬಾಡಿಗೆ, ಕೆಲಸಗಾರರ ಕೂಲಿ ಅಡಗಿದೆ, ಎಂದರೆ ಮೇಲೆ ಹೇಳಿದ ಕ್ಷೌರ ಅದರಲ್ಲೂ ಸ್ವಲ್ಪ ಬೆರೆತಿದೆ. ನನಗೆ ಇಷ್ಟವಾದ ಅಳತೆ ಸ್ವಿಟ್ಜರ್ಲೆಂಡಿನ ಯುಬಿಎಸ್ ಬ್ಯಾಂಕು 1971ರಿಂದ ನಡೆಸಿಕೊಂಡು ಬಂದ ಸಮೀಕ್ಷೆಯದು: ಅದೇ ಬರ್ಗರ್ ಕೊಳ್ಳಲು ಒಂದೊಂದು ನಗರದ ಕೆಲಸಗಾರ ಎಷ್ಟು ನಿಮಿಷ ದುಡಿಯಬೇಕು ಎಂದು ಅದು ಎಣಿಸಿತು. ನಿಮಿಷಕ್ಕೆ ವಿನಿಮಯ ದರವಿಲ್ಲ, ಎಲ್ಲರ ಗಡಿಯಾರವೂ ಒಂದೇ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ತಲಾ ಆದಾಯದಲ್ಲಿ ಜಗತ್ತಿಗೇ ಮೊದಲು ಯಾರು ಎಂದರೆ ಒಂದು ಗೈಡಿನಲ್ಲಿ ಲಕ್ಸೆಂಬರ್ಗ್ ಇದೆ, ಇನ್ನೊಂದರಲ್ಲಿ ಐರ್ಲೆಂಡ್, ಮತ್ತೊಂದರಲ್ಲಿ ಮೊನಾಕೊ. ಒಂದೇ ಪದದಲ್ಲಿ ಹೇಳಿ ಸರ್. (ಅಭ್ಯರ್ಥಿ)

ಉತ್ತರ: ಒಂದೇ ಪದ: ‘ಯಾವುದರಲ್ಲಿ?’

ಪರೀಕ್ಷೆಗೆ ನಿಮ್ಮ ಪಠ್ಯದಲ್ಲಿರುವುದನ್ನೇ ಬರೆಯಿರಿ, ಅಂಕ ಕಳೆದುಕೊಳ್ಳಬೇಡಿ. ಆಮೇಲೆ ಇದನ್ನು ಓದಿ. ತಲಾ ಜಿಡಿಪಿ ಎಂದರೆ ದೇಶದೊಳಗೆ ತಯಾರಾದದ್ದು ಭಾಗಿಸು ದೇಶದಲ್ಲಿ ವಾಸಿಸುವವರು. ಲಕ್ಸೆಂಬರ್ಗಿನಲ್ಲಿ ಕೆಲಸ ಮಾಡುವವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಬೆಳಿಗ್ಗೆ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಯಿಂದ ಗಡಿ ದಾಟಿ ಬಂದು ಸಂಜೆ ಮನೆಗೆ ಮರಳುತ್ತಾರೆ. ಅವರು ದುಡಿದದ್ದು ಮೇಲಿನ ಸಂಖ್ಯೆಗೆ ಸೇರುತ್ತದೆ, ಅವರ ತಲೆ ಕೆಳಗಿನ ಸಂಖ್ಯೆಗೆ ಸೇರುವುದಿಲ್ಲ. ಭಾಗಾಕಾರ ಉಬ್ಬದೆ ಇನ್ನೇನಾದೀತು? ಒಟ್ಟು ರಾಷ್ಟ್ರೀಯ ಆದಾಯದ ಲೆಕ್ಕ ತೆಗೆದುಕೊಂಡರೆ ಅವರು ಮನೆಗೆ ಒಯ್ದ ಸಂಬಳ ಕಳೆದುಹೋಗಿ ಗಾಳಿ ಸ್ವಲ್ಪ ಇಳಿಯುತ್ತದೆ. ಲಕ್ಸೆಂಬರ್ಗಿನವರು ಆಗಲೂ ಶ್ರೀಮಂತರೇ, ಆದರೆ ಪಟ್ಟಿ ಹೇಳುವಷ್ಟಲ್ಲ.

ಐರ್ಲೆಂಡಿನ ಕಥೆ ಇನ್ನೂ ಸ್ವಾರಸ್ಯ. ಅಲ್ಲಿಯ ಅಂಕಿಅಂಶ ಕಚೇರಿ 2016ರ ಜುಲೈನಲ್ಲಿ, ಹಿಂದಿನ ವರ್ಷ ದೇಶ ಶೇ 26ರಷ್ಟು ಬೆಳೆಯಿತು ಎಂದು ಪ್ರಕಟಿಸಿತು. ಶೇ 3 ಬೆಳೆದರೆ ಸರ್ಕಾರಗಳು ಬೆನ್ನು ತಟ್ಟಿಕೊಳ್ಳುವ ಕಾಲದಲ್ಲಿ ಶೇ 26! ಹೊಸ ಕಾರ್ಖಾನೆಗಳ ಸಾಲೇನೂ ಎದ್ದಿರಲಿಲ್ಲ. ಕೆಲವು ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಪೇಟೆಂಟು ಮುಂತಾದ ಬೌದ್ಧಿಕ ಆಸ್ತಿಯನ್ನು ಅಲ್ಲಿಯ ಕಡಿಮೆ ತೆರಿಗೆಯ ನೆರಳಿಗೆ ತಂದು ನೋಂದಾಯಿಸಿದ್ದವು. ಕಾಗದ ಬಂತು, ಅದರ ಲಾಭವೂ ಬಂತು, ಐರಿಶ್ ಮನುಷ್ಯನ ಜೇಬಿಗೆ ಬರಲಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್ಮನ್ ಇದಕ್ಕೆ ಲೆಪ್ರಕಾನ್ ಅರ್ಥಶಾಸ್ತ್ರ ಎಂದು ಹೆಸರಿಟ್ಟರು. ಲೆಪ್ರಕಾನ್ ಎಂದರೆ ಐರಿಶ್ ಜನಪದ ಕಥೆಗಳಲ್ಲಿ ಚಿನ್ನ ಬಚ್ಚಿಡುವ ಕುಳ್ಳ. ಆ ಕಚೇರಿಯವರನ್ನು ಮಾತ್ರ ನಾನು ಮೆಚ್ಚುತ್ತೇನೆ. ಮುಚ್ಚಿಹಾಕದೆ, 2017ರಲ್ಲಿ ಈ ಕಾಗದದ ಲಾಭ, ಅಲ್ಲಿಯ ಕಂಪನಿಗಳು ಬೇರೆ ದೇಶಗಳಿಗೆ ಬಾಡಿಗೆ ಕೊಡುವ ವಿಮಾನಗಳ ಲೆಕ್ಕ ಎಲ್ಲ ತೆಗೆದುಹಾಕಿದ ಹೊಸ ಅಳತೆಯೊಂದನ್ನು ತಾವೇ ಹೊರತಂದರು. ಅದರ ಪ್ರಕಾರ ಐರ್ಲೆಂಡಿನ ಆದಾಯ ಅದರ ಜಿಡಿಪಿಗಿಂತ ಮೂರನೇ ಒಂದು ಭಾಗಕ್ಕೂ ಮಿಕ್ಕಿ ಕಡಿಮೆ. ನಮ್ಮ ವೃತ್ತಿಯಲ್ಲಿ ‘ನಮ್ಮ ದೇಶ ನೀವಂದುಕೊಂಡಷ್ಟು ಶ್ರೀಮಂತ ಅಲ್ಲ’ ಎಂದು ತಾನಾಗಿ ಹೇಳುವ ಕಚೇರಿಗಳು ವಿರಳ.

ಇದರ ತಿರುಗುಮುರುಗು ನೈಜೀರಿಯ. ಅದು 1990ರ ಆಧಾರ ವರ್ಷವನ್ನೇ, ಎಂದರೆ ಆ ವರ್ಷದ ಬೆಲೆ, ಉದ್ಯಮಗಳ ಚಿತ್ರವನ್ನೇ ಅಳತೆಗೋಲಾಗಿ ಹಿಡಿದು ಲೆಕ್ಕ ಹಾಕುತ್ತಿತ್ತು. 2014ರ ಏಪ್ರಿಲ್‌ನಲ್ಲಿ ಆಧಾರ ವರ್ಷವನ್ನು 2010ಕ್ಕೆ ಬದಲಿಸಿ ಮೊಬೈಲ್ ಸೇವೆ, ಸಿನಿಮಾ ಉದ್ಯಮ ಎಲ್ಲ ಸರಿಯಾಗಿ ಎಣಿಸಿದಾಗ ಜಿಡಿಪಿ ಶೇ 89ರಷ್ಟು ಏರಿ, ದೇಶ ದಕ್ಷಿಣ ಆಫ್ರಿಕಾವನ್ನು ಹಿಂದೆ ಹಾಕಿತು. ಅಷ್ಟು ವರ್ಷ ಇದ್ದದ್ದನ್ನೇ ಕಂಡಿರಲಿಲ್ಲ.

ಪ್ರಶ್ನೆ: ನಾನು ಗೃಹಿಣಿ. ಬೆಳಿಗ್ಗೆ ಐದೂವರೆಗೆ ಏಳುತ್ತೇನೆ, ಹಾಸಿಗೆ ಹತ್ತುವಾಗ ಹನ್ನೊಂದು. ದೇಶದ ಆದಾಯದಲ್ಲಿ ನನ್ನ ಕೆಲಸ ಸೇರಿದೆಯೇ?

ಉತ್ತರ: ಇಲ್ಲ. ಮೆದುವಾಗಿ ಹೇಳಲು ಬೇರೆ ದಾರಿ ಕಾಣೆ.

ಲೆಕ್ಕದ ನಿಯಮ ಕೇಳಿದರೆ ನಿಮಗೆ ಸಿಟ್ಟು ಬರುತ್ತದೆ, ಬರಲಿ. ಹಿತ್ತಲಲ್ಲಿ ಮನೆ ಬಳಕೆಗೆ ತರಕಾರಿ ಬೆಳೆದರೆ ಅದು ಉತ್ಪಾದನೆ. ಅದನ್ನು ಹೆಚ್ಚಿ ಬೇಯಿಸಿ ಬಡಿಸಿದರೆ ಉತ್ಪಾದನೆಯಲ್ಲ. ದೂರದಿಂದ ನೀರು ಹೊತ್ತು ತಂದರೆ ಉತ್ಪಾದನೆ, ಆ ನೀರಲ್ಲಿ ಮಗುವಿಗೆ ಸ್ನಾನ ಮಾಡಿಸಿದರೆ ಅಲ್ಲ. ಇನ್ನೂ ಇದೆ. ನೀವು ಸ್ವಂತ ಮನೆಯಲ್ಲಿದ್ದರೆ, ಆ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ಎಷ್ಟು ಬರುತ್ತಿತ್ತು ಎಂದು ಊಹಿಸಿ, ಯಾರೂ ಯಾರಿಗೂ ಕೊಡದ ಆ ಬಾಡಿಗೆಯನ್ನು ದೇಶದ ಆದಾಯಕ್ಕೆ ಸೇರಿಸುತ್ತಾರೆ. ಗೋಡೆಯ ದುಡಿಮೆಗೆ ಲೆಕ್ಕವಿದೆ, ಗೋಡೆಯೊಳಗಿನವರ ದುಡಿಮೆಗಿಲ್ಲ.

ಹಿರಿಯರಿಗೆ ಇದು ಗೊತ್ತಿರಲಿಲ್ಲ ಎಂದೇನಲ್ಲ. ಅಮೆರಿಕದ ರಾಷ್ಟ್ರೀಯ ಆದಾಯವನ್ನು ಮೊದಲು ವ್ಯವಸ್ಥಿತವಾಗಿ ಲೆಕ್ಕ ಹಾಕಿ 1934ರಲ್ಲಿ ಸೆನೆಟ್ಟಿಗೆ ವರದಿ ಕೊಟ್ಟ ಸೈಮನ್ ಕುಜ್ನೆಟ್ಸ್, ಗೃಹಿಣಿಯರ ಕೆಲಸವನ್ನು ಬಿಟ್ಟಿದ್ದೇನೆ ಎಂದು ಅದರಲ್ಲೇ ಬರೆದರು. ಈ ಸಂಖ್ಯೆಯಿಂದ ಜನರ ಕ್ಷೇಮವನ್ನು ಅಳೆಯಲು ಹೋಗಬೇಡಿ ಎಂದೂ ಎಚ್ಚರಿಸಿದರು. ಎಚ್ಚರಿಕೆಯನ್ನು ಯಾರು ಓದುತ್ತಾರೆ, ಎಲ್ಲರೂ ಸಂಖ್ಯೆ ಕತ್ತರಿಸಿಕೊಂಡು ಹೋದರು. ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ಆರ್ಥರ್ ಪಿಗೂ ಅದಕ್ಕೂ ಮೊದಲೇ ಹಾಸ್ಯ ಮಾಡಿದ್ದರು: ಒಬ್ಬಾತ ತನ್ನ ಮನೆಕೆಲಸದಾಕೆಯನ್ನು ಮದುವೆಯಾದರೆ ದೇಶದ ಆದಾಯ ಕಡಿಮೆಯಾಗುತ್ತದೆ. ಕೆಲಸ ಅದೇ, ಕೈ ಅದೇ, ಸಂಬಳ ಮಾತ್ರ ನಿಂತಿತು.

ದೇಶ ದೇಶಗಳ ಹೋಲಿಕೆಗೆ ಇದು ಹೇಗೆ ತಟ್ಟುತ್ತದೆ ನೋಡಿ. ಒಂದು ದೇಶದಲ್ಲಿ ಹೆಂಗಸರು ಹೊರಗೆ ದುಡಿದು, ಮಕ್ಕಳನ್ನು ಶಿಶುವಿಹಾರಕ್ಕೆ ಬಿಟ್ಟು, ಊಟ ಹೊರಗಿಂದ ತರಿಸುತ್ತಾರೆ. ಇನ್ನೊಂದರಲ್ಲಿ ಅದನ್ನೆಲ್ಲ ಮನೆಯಲ್ಲೇ ಮಾಡುತ್ತಾರೆ. ಮೊದಲನೆಯದರಲ್ಲಿ ಅವರ ಸಂಬಳ, ಶಿಶುವಿಹಾರ, ಊಟ ಮೂರೂ ಆದಾಯಕ್ಕೆ ಬಂದವು. ಎರಡನೆಯದರಲ್ಲಿ ಸೊನ್ನೆ. ಎರಡೂ ಕಡೆ ಮಕ್ಕಳ ಹೊಟ್ಟೆ ತುಂಬಿದೆ. ಇಬ್ಬರ ನಡುವಿನ ಅಂತರ ಪಟ್ಟಿ ಹೇಳುವುದಕ್ಕಿಂತ ಕಡಿಮೆ, ಎಷ್ಟು ಕಡಿಮೆ ಎಂಬುದು ಆ ಸೊನ್ನೆಗೆ ನೀವು ಯಾವ ಕೂಲಿ ಕಟ್ಟುತ್ತೀರಿ ಎಂಬುದರ ಮೇಲೆ ನಿಂತಿದೆ. ಕೆಲವು ದೇಶಗಳು ಈಗ ಜನ ದಿನದ 24 ಗಂಟೆ ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿ ಬೇರೆಯೇ ಖಾತೆಯಲ್ಲಿ ಬರೆಯುತ್ತಿವೆ. ಮುಖ್ಯ ಖಾತೆಗೆ ಇನ್ನೂ ಬಂದಿಲ್ಲ.

ಪ್ರಶ್ನೆ: ನಾನು ಜರ್ಮನಿಯಲ್ಲಿದ್ದೇನೆ, ತಮ್ಮ ಅಮೆರಿಕದಲ್ಲಿ. ಅವನ ಸಂಬಳ ನನ್ನದರ ಒಂದೂವರೆ ಪಟ್ಟು. ಪ್ರತಿ ಭಾನುವಾರ ಫೋನಿನಲ್ಲಿ ‘ಅಣ್ಣಾ, ನೀನು ಮೋಸಹೋದೆ’ ಅಂತಾನೆ. ಅವನ ಬಾಯಿ ಮುಚ್ಚಿಸುವ ಒಂದು ಲೆಕ್ಕ ಕೊಡಿ.

ಉತ್ತರ: ಅಣ್ಣತಮ್ಮಂದಿರ ಜಗಳಕ್ಕೆ ಕಡ್ಡಿ ಗೀರುವುದು ನನ್ನ ಕೆಲಸವಲ್ಲ, ಆದರೂ ಲೆಕ್ಕ ಕೊಡುತ್ತೇನೆ. ಕೆಲಸದಲ್ಲಿರುವ ಜರ್ಮನ್ ವರ್ಷಕ್ಕೆ ಸರಾಸರಿ ದುಡಿಯುವುದು ಸುಮಾರು 1,340 ಗಂಟೆ, ಅಮೆರಿಕನ್ ಸುಮಾರು 1,800. ಅವನದು ನಿಮ್ಮದಕ್ಕಿಂತ ಮೂರನೇ ಒಂದು ಭಾಗ ಹೆಚ್ಚಾಯಿತು. ಇದೇ ನಿಮ್ಮಿಬ್ಬರ ಗಂಟೆಯೂ ಆಗಿದ್ದರೆ, ಗಂಟೆಯ ಲೆಕ್ಕದಲ್ಲಿ ಒಂದೂವರೆ ಪಟ್ಟಿನ ಅಂತರ ಕುಸಿದು ಶೇ 12ಕ್ಕೆ ಬರುತ್ತದೆ. ಉಳಿದದ್ದು ಅವನು ಆಫೀಸಿನಲ್ಲಿ ಕೂತು ಸಂಪಾದಿಸಿದ್ದು, ನೀವು ಮನೆಯಲ್ಲಿ ಕೂತು ಬಿಟ್ಟುಕೊಟ್ಟದ್ದು. ಯುರೋಪಿನ ಒಕ್ಕೂಟದಲ್ಲಿ ವರ್ಷಕ್ಕೆ ಕನಿಷ್ಠ ನಾಲ್ಕು ವಾರ ಸಂಬಳಸಹಿತ ರಜೆ ಕಾನೂನು. ಅಮೆರಿಕದ ಕೇಂದ್ರ ಕಾನೂನು ಒಂದು ದಿನವನ್ನೂ ಕಡ್ಡಾಯ ಮಾಡಿಲ್ಲ, ಕಂಪನಿ ಕೊಟ್ಟರೆ ಉಂಟು. ಮಕ್ಕಳು ದೊಡ್ಡವರಾದಾಗ ನಿಮ್ಮಲ್ಲಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಬೋಧನಾ ಶುಲ್ಕವಿಲ್ಲ, ಅವನು ಅದಕ್ಕಾಗಿ ಈಗಿನಿಂದಲೇ ಕೂಡಿಡುತ್ತಿರಬೇಕು.

ಈಗ ತಮ್ಮನ ಪರವಾಗಿಯೂ ಎರಡು ಮಾತು, ಇಲ್ಲದಿದ್ದರೆ ಅನ್ಯಾಯ. ಜರ್ಮನಿಯಲ್ಲಿ ಅರೆಕಾಲಿಕ ಕೆಲಸದವರು ಬಹಳ, ಅದರಿಂದಲೇ ಆ 1,340 ಅಷ್ಟು ತಗ್ಗಿದೆ. ನೀವು ಪೂರ್ಣಕಾಲಿಕರಾದರೆ ನಿಮ್ಮ ಗಂಟೆ ನೀವೇ ಎಣಿಸಿ ಭಾಗಿಸಿ. ಇನ್ನೊಂದು, ಸರ್ಕಾರ ಕೊಡುವ ಶಾಲೆ, ಆಸ್ಪತ್ರೆಯನ್ನೆಲ್ಲ ಮನೆಯ ಬಳಕೆಗೆ ಸೇರಿಸಿ ಹೋಲಿಸುವ ಲೆಕ್ಕವೂ ಇದೆ, ಅದರಲ್ಲೂ ಸರಾಸರಿ ಅಮೆರಿಕನ್ ಸರಾಸರಿ ಜರ್ಮನ್ನನಿಗಿಂತ ಹೆಚ್ಚೇ ಬಳಸುತ್ತಾನೆ. ಮನೆ ದೊಡ್ಡದು, ಕಾರು ದೊಡ್ಡದು. ಅವನ ಬಾಯಿ ಪೂರ್ತಿ ಮುಚ್ಚುವುದಿಲ್ಲ. ಭಾನುವಾರ ಮಾತು ಎತ್ತಿದಾಗ, ‘ಹೋದ ವರ್ಷ ಎಷ್ಟು ದಿನ ರಜೆ ಹಾಕಿದೆ?’ ಎಂದಷ್ಟೇ ಕೇಳಿ ನೋಡಿ.

ಪ್ರಶ್ನೆ: ದಿನಕ್ಕೆ 3 ಡಾಲರಿಗಿಂತ ಕಡಿಮೆ ಇದ್ದರೆ ಕಡುಬಡವ ಎಂದು ವಿಶ್ವಬ್ಯಾಂಕ್ ಹೇಳಿದೆಯಂತೆ. ಡಾಲರ್ ದರದಿಂದ ಗುಣಿಸಿ ನೋಡಿದರೆ ಅದು ಪರವಾಗಿಲ್ಲ ಎನ್ನುವ ಮೊತ್ತವೇ ಆಗುತ್ತದಲ್ಲ?

ಉತ್ತರ: ಗುಣಿಸಿದ್ದೇ ತಪ್ಪು. ಪತ್ರಿಕೆಗಳೂ ಮಾಡುವ ತಪ್ಪು ಇದು, ಹಾಗಾಗಿ ನಿಮ್ಮನ್ನು ದೂರುವುದಿಲ್ಲ. ಆ 3 ಡಾಲರ್ 2021ರ ಕೊಳ್ಳುವ ಶಕ್ತಿಯ ಡಾಲರ್. ಅಂದಿನ ಅಮೆರಿಕದಲ್ಲಿ 3 ಡಾಲರ್ ಕೊಟ್ಟರೆ ಏನು ಸಿಗುತ್ತಿತ್ತೋ ಅಷ್ಟರಲ್ಲಿ ಇಡೀ ದಿನ ಕಳೆಯಬೇಕು: ಊಟ, ಬಟ್ಟೆ, ಸೂರು, ಔಷಧಿ ಎಲ್ಲ. ಆ ದುಡ್ಡಲ್ಲಿ ಅಮೆರಿಕದಲ್ಲಿ ಒಂದು ಹೊತ್ತಿನ ಊಟವೂ ಕಷ್ಟ ಎಂದು ನೆನೆದರೆ ಅದು ಎಷ್ಟು ಕೆಳಗಿನ ಗೆರೆ ಎಂದು ತಿಳಿಯುತ್ತದೆ. 1990ರಲ್ಲಿ ದಿನಕ್ಕೆ 1 ಡಾಲರ್ ಎಂದು ಶುರುವಾದದ್ದು 1.25, 1.90, 2.15 ಆಗಿ 2025ರ ಜೂನ್‌ನಲ್ಲಿ 3ಕ್ಕೆ ಬಂತು. ಅತಿ ಬಡ ದೇಶಗಳು ತಾವೇ ಗೊತ್ತುಮಾಡಿಕೊಂಡ ಬಡತನದ ಗೆರೆಗಳನ್ನು ಸಾಲಾಗಿಟ್ಟು ನಟ್ಟನಡುವಿನದನ್ನು ತೆಗೆದುಕೊಂಡಿದ್ದಾರೆ. ಸ್ವಲ್ಪ ಮೇಲಿನ ಆದಾಯದ ದೇಶಗಳಿಗೆ 4.20, ಇನ್ನೂ ಮೇಲಿನವಕ್ಕೆ 8.30 ಎಂಬ ಗೆರೆಗಳೂ ಇವೆ. ಅವು ಸುದ್ದಿಯಾಗುವುದು ಕಡಿಮೆ.

ಪ್ರಶ್ನೆ: ಸರಾಸರಿ ಎಂಬುದೇ ದೊಡ್ಡ ಸುಳ್ಳು. ಹತ್ತು ಜನರಲ್ಲಿ ಒಬ್ಬ ಕೋಟ್ಯಧಿಪತಿ ಕೂತರೆ ಎಲ್ಲರೂ ಲಕ್ಷಾಧಿಪತಿಗಳಾಗುತ್ತಾರೆ. ಇದನ್ನೆಲ್ಲ ಬಿಟ್ಟು ಜನ ಸುಖವಾಗಿದ್ದಾರಾ ಎಂದು ನೇರವಾಗಿ ಕೇಳಬಾರದೇ? (ನಿವೃತ್ತ ಅಧ್ಯಾಪಕ)

ಉತ್ತರ: ಮೇಷ್ಟ್ರೇ, ಮೊದಲರ್ಧ ಒಪ್ಪಿದೆ. ಅದಕ್ಕೇ ಮಧ್ಯಾಂಕ ಇರುವುದು: ಎಲ್ಲರನ್ನೂ ಆದಾಯದ ಪ್ರಕಾರ ಸಾಲು ನಿಲ್ಲಿಸಿ ನಡುವೆ ನಿಂತವನ ಆದಾಯ ಎಷ್ಟು ಎಂದು ಕೇಳುವುದು. ಕೋಟ್ಯಧಿಪತಿ ಇನ್ನೂ ಹತ್ತು ಕೋಟಿ ಮಾಡಿಕೊಂಡರೂ ನಡುವಿನವನು ಅಲ್ಲಾಡುವುದಿಲ್ಲ. ಈಕ್ವಟೋರಿಯಲ್ ಗಿನಿ ಎಂಬ ಆಫ್ರಿಕದ ಪುಟ್ಟ ದೇಶಕ್ಕೆ 1990ರ ದಶಕದಲ್ಲಿ ತೈಲ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ವಿಶ್ವಬ್ಯಾಂಕಿನ ಪಟ್ಟಿಯಲ್ಲಿ ಅದು ಹೆಚ್ಚಿನ ಆದಾಯದ ದೇಶ ಎನಿಸಿಕೊಂಡಿತು. ಜನರ ಸರಾಸರಿ ಆಯಸ್ಸು ಮಾತ್ರ ಅರವತ್ತರ ಆಸುಪಾಸಿನಲ್ಲೇ ಇತ್ತು. ಮಧ್ಯ ಅಮೆರಿಕದ ಕೋಸ್ಟರಿಕದ ಕಡೆ ತಿರುಗಿ. ಅಲ್ಲಿಯ ತಲಾ ಆದಾಯ ಅಮೆರಿಕದ್ದಕ್ಕಿಂತ ಎಷ್ಟೋ ಕಡಿಮೆ, ಆದರೆ ಆಯಸ್ಸು ಎಂಬತ್ತರ ಸುತ್ತಮುತ್ತ, ಅಮೆರಿಕದವರಿಗಿಂತ ಒಂದೆರಡು ವರ್ಷ ಹೆಚ್ಚೇ. 1990ರಲ್ಲಿ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅವರು ಅಮರ್ತ್ಯ ಸೇನ್ ನೆರವಿನಿಂದ ಮಾನವ ಅಭಿವೃದ್ಧಿ ಸೂಚ್ಯಂಕ ತಂದದ್ದು ಇಂಥ ಅಂತರ ಕಾಣಲಿ ಎಂದೇ. ಆಯಸ್ಸು, ಓದು, ಆದಾಯ ಮೂರನ್ನೂ ಸೇರಿಸಿ ಅಳೆದರು.

ಎರಡನೇ ಅರ್ಧ ಅಷ್ಟು ಸುಲಭವಲ್ಲ. ಸುಖದ ಪಟ್ಟಿ ಎಂದು 2012ರಿಂದ ಪ್ರಕಟವಾಗುತ್ತಿದೆಯಲ್ಲ, 2018ರಿಂದ ಫಿನ್ಲೆಂಡ್ ಮೊದಲು ಎಂದು ಸುದ್ದಿಯಾಗುತ್ತಿದೆಯಲ್ಲ, ಅದರಲ್ಲಿ ‘ನೀವು ಸುಖವಾಗಿದ್ದೀರಾ’ ಎಂದು ಕೇಳಿ ದೇಶಗಳಿಗೆ ಸ್ಥಾನ ಕೊಡುವುದಿಲ್ಲ. ಒಂದು ಏಣಿ ಕಲ್ಪಿಸಿಕೊಳ್ಳಿ, ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲು, ತುದಿಯಲ್ಲಿರುವುದು ನಿಮಗೆ ಸಾಧ್ಯವಿರುವ ಅತ್ಯುತ್ತಮ ಬದುಕು, ಬುಡದಲ್ಲಿರುವುದು ಅತಿ ಕೆಟ್ಟದ್ದು, ಈಗ ನೀವು ಎಷ್ಟನೇ ಮೆಟ್ಟಿಲಲ್ಲಿ ನಿಂತಿದ್ದೀರಿ ಎಂದು ಕೇಳುತ್ತಾರೆ. ಹಾಗೆ ಕೇಳಿದರೆ ಮನುಷ್ಯ ಮನೆ, ಸಂಬಳ, ಆರೋಗ್ಯ ಎಲ್ಲ ಕಣ್ಮುಂದೆ ತಂದುಕೊಂಡೇ ಉತ್ತರಿಸುತ್ತಾನೆ. ನಾನು ಅಂಗಡಿ ತಿರುಗುತ್ತಿದ್ದ ಕಾಲದಲ್ಲಿ ಬೆಲೆ ಕೇಳಿದರೆ ಜನ ಥಟ್ಟನೆ ಹೇಳುತ್ತಿದ್ದರು, ‘ಹೇಗಿದ್ದೀರಿ’ ಎಂದರೆ ಎಲ್ಲರೂ ‘ಚೆನ್ನಾಗಿದ್ದೀವಿ’ ಅನ್ನುತ್ತಿದ್ದರು, ಬಾಕಿ ಪುಸ್ತಕ ಕೈಯಲ್ಲಿ ಹಿಡಿದುಕೊಂಡೇ.

ಪ್ರಶ್ನೆ: ನಾನು ಎಂಟನೇ ತರಗತಿ. ಎರಡು ದೇಶಗಳನ್ನು ಹೋಲಿಸಬೇಕು, ಒಂದೇ ಒಂದು ಸಂಖ್ಯೆ ಕೇಳಬಹುದು ಅಂದರೆ ನೀವು ಯಾವುದು ಕೇಳುತ್ತೀರಿ ತಾತ?

ಉತ್ತರ: ಹುಟ್ಟಿದ ಸಾವಿರ ಮಕ್ಕಳಲ್ಲಿ ಐದು ವರ್ಷ ತುಂಬುವುದರೊಳಗೆ ತೀರಿಕೊಳ್ಳುವವರು ಎಷ್ಟು ಎಂದು ಕೇಳುತ್ತೇನೆ ಮರಿ. ಅದರಲ್ಲಿ ಡಾಲರ್ ಇಲ್ಲ, ವಿನಿಮಯ ದರ ಇಲ್ಲ, ನನ್ನ ಪಾಲಿಯೆಸ್ಟರ್ ಅಂಗಿಯೂ ಇಲ್ಲ. ಶುದ್ಧ ನೀರು, ತಾಯಿಯ ಊಟ, ಲಸಿಕೆ, ಹತ್ತಿರದ ಆಸ್ಪತ್ರೆ, ಅಮ್ಮ ಎಷ್ಟು ಓದಿದ್ದಾಳೆ ಎಂಬುದೆಲ್ಲ ಆ ಒಂದೇ ಸಂಖ್ಯೆಯಲ್ಲಿ ಬಂದು ಕೂತಿರುತ್ತದೆ. ಮೇಲೆ ಮೇಷ್ಟ್ರು ಹೇಳಿದ ಕೋಟ್ಯಧಿಪತಿಯ ಆಟವೂ ಇಲ್ಲಿ ನಡೆಯುವುದಿಲ್ಲ. ಅವನ ಮಗು ಎಷ್ಟು ಚೆನ್ನಾಗಿ ಬೆಳೆದರೂ ಒಂದೇ ಮಗು, ಬೇರೆಯವರ ಮಕ್ಕಳ ಲೆಕ್ಕ ತುಂಬಿಕೊಡಲಾರದು. ಜಪಾನ್, ಫಿನ್ಲೆಂಡಿನಲ್ಲಿ ಆ ಸಂಖ್ಯೆ ಎರಡು ಮೂರರ ಹತ್ತಿರ. ಸೊಮಾಲಿಯ, ನೈಜರ್‌ನಲ್ಲಿ ನೂರರ ಮೇಲೆ. ಇಡೀ ಜಗತ್ತಿನದು 1990ರಲ್ಲಿ 93 ಇದ್ದದ್ದು ಈಗ 37ರ ಆಸುಪಾಸಿಗೆ ಇಳಿದಿದೆ.

ಶಾಲೆಯ ಗ್ರಂಥಾಲಯದಲ್ಲಿ ಯುನಿಸೆಫ್‌ನ ವಾರ್ಷಿಕ ವರದಿಯ ಹಳೆಯ ಪ್ರತಿ ಯಾವುದಾದರೂ ಸಿಕ್ಕರೆ ಕೊನೆಯ ಪುಟಗಳಿಂದ ಶುರುಮಾಡು, ಕೋಷ್ಟಕಗಳೆಲ್ಲ ಅಲ್ಲೇ ಇರುತ್ತವೆ. ಮುನ್ನುಡಿ ಆಮೇಲೆ ಓದಿದರಾಯಿತು.